ನೆವಿಲ್ ಫುಟಿಟ್‌ನ ಸೀಸದ ಜನ

ನೆವಿಲ್ ಫುಟಿಟ್ ಬಗ್ಗೆ ಬರೆಯುವ ಮೊದಲು ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಮರಗೆಲಸದವನು. ಮನೆತನದ ಹೆಸರು ಶ್ಯಾಕ್ಲಾಕ್, ಊರವರಿಗೆಲ್ಲ ಶ್ಯಾಕ್. ಹದಿನಾಲ್ಕು ತುಂಬುವ ಮೊದಲೇ ಶಾಲೆಗೆ ಬೆನ್ನು ಹಾಕಿದೆ. ಕೈ ಒಳ್ಳೆಯದು, ಬಾಯಿ ಕೆಟ್ಟದ್ದು. ನನ್ನ ಕೆಲಸದ ಬಗ್ಗೆ ಯಾರಾದರೂ ಅರ್ಧ ಮಾತು ಎತ್ತಿದರೆ ಉಳಿದರ್ಧ ಅವರ ಗಂಟಲಲ್ಲೇ ನಿಲ್ಲುವ ಹಾಗೆ ಕೂಗಾಡುತ್ತೇನೆ. ಎರಡು ಮದುವೆ ಹೀಗೇ ಮುರಿದವು, ಅದು ಹಾಗಿರಲಿ. ನೆವಿಲ್‌ನ ಜನ ಹಾಳಾದದ್ದೂ ಹೀಗೇ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ನಾಟಿಂಗ್‌ಹ್ಯಾಮಿನ ಉತ್ತರಕ್ಕೆ ಕಲ್ಲಿದ್ದಲು ಗಣಿಯ ಊರು ನಮ್ಮದು. ಗಣಿಯವರ ಸಾಲುಮನೆಗಳಲ್ಲಿ ಕಟ್ಟಕಡೆಯದು ನೆವಿಲ್‌ನ ಮನೆ. ಉದ್ದನೆಯ ಒಣಕಲು ಆಳು. ಹಣೆಯ ಮೇಲೆ, ಮೂಗಿನ ಮೇಲೆ, ಗಾಯದೊಳಗೆ ಕಲ್ಲಿದ್ದಲು ಸೇರಿ ಮಾಯ್ದ ನೀಲಿ ಗೆರೆಗಳು. ಹನ್ನೆರಡು ವರ್ಷ ಕೆಳಗೆ ಇಳಿದು ಇದ್ದಲು ಕಡಿದ. ಆಮೇಲೆ ಮೇಲಿಂದ ಬಂಡೆ ಜಾರಿ ಸೊಂಟ ಮುರಿಯಿತು, ದೀಪದ ಕೋಣೆಗೆ ಹಾಕಿದರು. ಕೆಳಗೆ ಹೋಗುವವರಿಗೆ ದೀಪ ಕೊಟ್ಟು ಅವರ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಮೊಳೆಗೆ ನೇತುಹಾಕುವುದು, ಮೇಲೆ ಬಂದವರಿಂದ ದೀಪ ಇಸಕೊಂಡು ಬಿಲ್ಲೆ ಹಿಂದಿರುಗಿಸುವುದು. ಪಾಳಿ ಮುಗಿದ ಮೇಲೂ ಒಂದು ಬಿಲ್ಲೆ ಮೊಳೆಯಲ್ಲೇ ಉಳಿದರೆ ಒಬ್ಬ ಕೆಳಗೇ ಉಳಿದಿದ್ದಾನೆಂದು ಅರ್ಥ. ಅವನ ಕಾಲದಲ್ಲಿ ಹಾಗೆ ಎರಡು ಸಲ ಆಯಿತು. ಎರಡರ ಬಗ್ಗೆಯೂ ಅವನು ಮಾತಾಡಿದವನಲ್ಲ.

ಮದುವೆಯಾಗಲಿಲ್ಲ. ಅಕ್ಕ ಬೆರಿಲ್ ಕಾಲುಚೀಲದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು, ಅವಳೂ ಆಗಲಿಲ್ಲ. ತಾಯಿ ಎಡ್ನಾ ಬದುಕಿರುವವರೆಗೆ ಮೂವರು, ಆಮೇಲೆ ಇಬ್ಬರು. ಆ ಮನೆಯಲ್ಲಿ ಜನಕ್ಕೇನೂ ಕಡಿಮೆ ಇರಲಿಲ್ಲ. ಸಾವಿರದ ಒಂಬೈನೂರ ಎಪ್ಪತ್ತಾರರಲ್ಲೇ ನೆವಿಲ್ ತಾಯಿಯ ಗಂಜಿಯ ಪಾತ್ರೆಯಲ್ಲಿ ಸೀಸ ಕರಗಿಸಿ ಅಂಗಡಿಯಿಂದ ತಂದ ಅಚ್ಚಿಗೆ ಹೊಯ್ದು ಬೆರಳುದ್ದದ ಸಿಪಾಯಿಗಳನ್ನು ಮಾಡುವುದಕ್ಕೆ ಶುರುಮಾಡಿದ್ದ. ಕುದುರೆ ಸವಾರರು, ತೋಪು ಎಳೆಯುವವರು, ತಮಟೆಯವರು. ಒಬ್ಬೊಬ್ಬನ ಅಂಗಿಯ ಗುಂಡಿಗೂ ಬಣ್ಣ. ಎಡ್ನಾ ಗಂಜಿ ಮಾಡಲು ಬೇರೆ ಪಾತ್ರೆ ಕೊಂಡಳೇ ಹೊರತು ಒಂದು ಮಾತು ಬೈಯಲಿಲ್ಲವಂತೆ.

ನಾನು ಅವರನ್ನು ನೋಡಿದ್ದು ಎಂಬತ್ತೆರಡರಲ್ಲಿ. ಗಣಿಯವರ ಕ್ಷೇಮಭವನದ ಹಿಂದಿನ ಕೋಣೆಯ ಕಿಟಕಿ ಜಾಮ್ ಆಗಿತ್ತು, ಸರಿಮಾಡಲು ಹೋಗಿದ್ದೆ. ಭಾನುವಾರ ಮಧ್ಯಾಹ್ನ. ಮುಂದಿನ ಕೋಣೆಯಲ್ಲಿ ಬಿಯರು, ಡಾಮಿನೋ, ಗದ್ದಲ. ಹಿಂದಿನ ಕೋಣೆಯಲ್ಲಿ ನಾಲ್ಕು ಜನ ಬೆಳೆದ ಗಂಡಸರು ಮಂಡಿಯೂರಿ, ಮೇಜಿನ ಅಂಚಿಗೆ ಗಲ್ಲ ಇಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಮೇಜಿನ ಮೇಲೆ ಹಸಿರು ಬಟ್ಟೆ, ಬಟ್ಟೆಯಡಿ ಪುಸ್ತಕ ಪೇರಿಸಿ ಮಾಡಿದ ಗುಡ್ಡ, ಗುಡ್ಡದ ಮೇಲೆ ಸೈನ್ಯ.

"ಏಯ್, ನಿನ್ನ ಟೇಪು ತಾ ಇಲ್ಲಿ," ಅಂದ ಒಬ್ಬ. ದಪ್ಪ ಕುತ್ತಿಗೆಯ ಮಾಲ್ಕಮ್ ಅವನು. "ಈ ಫುಟಿಟ್ ಅಳತೇಲಿ ಮೋಸ ಮಾಡ್ತಿದ್ದಾನೆ. ಇವನ ತೋಪು ನನ್ನ ಕುದುರೆಗೆ ಎಟುಕಲ್ಲ."

ಅಳೆದೆ. "ಕಾಲಂಗುಲ ಕಡಿಮೆ ಬೀಳುತ್ತೆ," ಅಂದೆ.

"ಕೇಳಿದ್ಯಾ? ಕಾಲಂಗುಲ! ನನ್ನ ಕುದುರೆ ಬದುಕಿತು!"

ನೆವಿಲ್ ನನ್ನ ಮುಖ ನೋಡಿ, ಸೋತದ್ದಕ್ಕೆ ಬೇಸರವೇ ಇಲ್ಲದ ದನಿಯಲ್ಲಿ, "ಅಳತೆ ಬರೋನು ಒಬ್ಬ ಬೇಕಿತ್ತು. ಕೂತ್ಕೊ," ಅಂದ. ಕಿಟಕಿ ಆ ದಿನ ಸರಿಯಾಗಲಿಲ್ಲ.

ಅವರು ಆಡುತ್ತಿದ್ದುದು ಬರೀ ಹಳೆಯ ಯುದ್ಧಗಳನ್ನಲ್ಲ. ಎರಡು ವಾರಕ್ಕೊಮ್ಮೆ ಇನ್ನೊಂದು ಆಟ ಇತ್ತು. ನಕ್ಷತ್ರಗಳ ನಡುವೆ ಸರಕು ಸಾಗಿಸುವ ಒಂದು ಹಳೇ ಲಡಾಸು ನೌಕೆ, ಹೆಸರು ಎಡ್ನಾ. ನೌಕೆಯಲ್ಲಿ ನಮಗೆಲ್ಲ ಒಂದೊಂದು ಪಾತ್ರ, ಪಾತ್ರಕ್ಕೊಂದು ಸೀಸದ ಗೊಂಬೆ. ಮುಂದೇನಾಗುತ್ತದೆಂದು ನೆವಿಲ್ ಹೇಳುವನು, ಏನು ಮಾಡುತ್ತೇವೆಂದು ನಾವು ಹೇಳುವೆವು, ಆಗುವುದು ಬಿಡುವುದು ದಾಳದ ಕೈಯಲ್ಲಿ. ನೌಕೆ ನಡೆಸುವವನು ಕ್ಲಿಫರ್ಡ್. ಅಡುಗೆಯವನು ಮಾಲ್ಕಮ್. ವೈದ್ಯ ಆಬ್ರಿ, ಹೊರಗೆ ಅವನು ಹಂದಿ ಕಡಿಯುವ ಅಂಗಡಿ ಇಟ್ಟಿದ್ದ. ನಾನು ಬಡಗಿ. "ಗಗನನೌಕೆಯಲ್ಲಿ ಬಡಗಿಗೆ ಏನೋ ಕೆಲಸ?" ಎಂದು ಆಬ್ರಿ ನಕ್ಕಾಗ ನಾನು ಕುರ್ಚಿ ಒದ್ದು ಎದ್ದಿದ್ದೆ. ನೆವಿಲ್ ಮಧ್ಯೆ ಬಂದ. "ಒಳಗೆ ಕೋಣೆ ಕಟ್ಟೋರು ಬೇಡ್ವಾ? ಗಾಳಿ ಸೋರದ ಹಾಗೆ ಬಾಗಿಲು ಕೂರಿಸೋರು ಬೇಡ್ವಾ? ಇವನಿಲ್ಲದೆ ಹೋದ್ರೆ ನೀವೆಲ್ಲ ಉಸಿರು ಕಟ್ಟಿ ಸಾಯ್ತೀರಿ," ಅಂದ. ಅವನಿಗೂ ಒಂದು ಪಾತ್ರ ಇತ್ತು, ದೀಪದವನು. ಹೆಚ್ಚು ಮಾತಿಲ್ಲದ ಪಾತ್ರ.

ನನಗೆ ಓದು ಸರಿಯಾಗಿ ಹತ್ತಿದ್ದು ಆ ಮೇಜಿನಲ್ಲೇ. ಆಟದ ನಿಯಮದ ತೆಳು ಪುಸ್ತಕಗಳು ಮೂರಿದ್ದವು, ಕಪ್ಪು ರಟ್ಟು, ಇರುವೆ ಸಾಲಿನಂಥ ಅಕ್ಷರ. ಜಗಳ ಬಂದಾಗಲೆಲ್ಲ ನೆವಿಲ್ ಪುಸ್ತಕವನ್ನು ನನ್ನ ಕಡೆಗೇ ತಳ್ಳುತ್ತಿದ್ದ. "ಶ್ಯಾಕ್, ಜೋರಾಗಿ ಓದು." ನಾನು ತಡವರಿಸಿಕೊಂಡು ಓದುವೆ, ಯಾರೂ ನಗುವ ಹಾಗಿಲ್ಲ. ಆ ಪುಸ್ತಕದಲ್ಲೊಂದು ತಮಾಷೆ ಇತ್ತು. ಪಾತ್ರವನ್ನು ಹುಟ್ಟಿಸುವಾಗಲೇ, ಆಟ ಶುರುವಾಗುವ ಮೊದಲೇ, ದಾಳ ಕೆಟ್ಟು ಬಿದ್ದರೆ ಪಾತ್ರ ಸತ್ತುಹೋಗುತ್ತಿತ್ತು. ಮಾಲ್ಕಮ್‌ನ ಅಡುಗೆಯವನು ನಾಲ್ಕನೆಯ ಸಲಕ್ಕೆ ಬದುಕಿದವನು. "ನಮ್ಮೂರಲ್ಲಿ ಹುಟ್ಟಿದ ಹಾಗೇ ಇದೆ ಇದು," ಎನ್ನುತ್ತಿದ್ದ.

ಎಂಬತ್ನಾಲ್ಕರಲ್ಲಿ ಮುಷ್ಕರ ಬಂತು. ಮಾಲ್ಕಮ್, ನೆವಿಲ್ ಹೊರಗೆ ನಿಂತರು. ಕ್ಲಿಫರ್ಡ್ ಕೆಲಸಕ್ಕೆ ಹೋದ. ನಮ್ಮ ಕಡೆ ಹೆಚ್ಚಿನವರು ಹೋದರು, ಹೋಗದವರು ಅದನ್ನು ಇವತ್ತಿಗೂ ಮರೆತಿಲ್ಲ. ಅಣ್ಣತಮ್ಮಂದಿರು ಒಂದೇ ಬೀದಿಯಲ್ಲಿ ಮುಖ ತಿರುಗಿಸಿಕೊಂಡು ನಡೆದ ಕಾಲ ಅದು. ನೆವಿಲ್ ಒಂದು ರಟ್ಟಿನ ಮೇಲೆ ಬರೆದು ಗೋಡೆಗೆ ಹಚ್ಚಿದ: ಮೇಜಿನಲ್ಲಿ ಗಣಿಯ ಮಾತೆತ್ತಿದವನ ಪಾತ್ರಕ್ಕೆ ಆ ದಿನ ಗಾಳಿ ಇಲ್ಲ. ಸೋಮವಾರದಿಂದ ಶುಕ್ರವಾರ ಕ್ಲಿಫರ್ಡ್ ಕಿಟಕಿಗೆ ತಂತಿಬಲೆ ಹಾಕಿದ ಬಸ್ಸಿನಲ್ಲಿ ಗೇಟು ದಾಟುವನು, ಮಾಲ್ಕಮ್ ಗೇಟಿನ ಹೊರಗೆ ನಿಂತು ದ್ರೋಹಿ ಎಂದು ಕೂಗುವನು. ಭಾನುವಾರ ಕ್ಲಿಫರ್ಡ್‌ನ ಪಾತ್ರ ಹೊತ್ತಿ ಉರಿಯುವ ನಿಲ್ದಾಣದಿಂದ ಮಾಲ್ಕಮ್‌ನ ಪಾತ್ರವನ್ನು ಬೆನ್ನ ಮೇಲೆ ಹೊತ್ತು ತಂದಿತು.

ಮಾಲ್ಕಮ್ ಕೋಟು ಹಾಕಿಕೊಳ್ಳುತ್ತ, "ಹೊತ್ಕೊಂಡ್ ಬಂದೆಯಲ್ಲ, ಒಳ್ಳೇದಾಯ್ತು. ನಾಳೆ ಗೇಟಲ್ಲಿ ಸಿಗು, ಉಗೀತೀನಿ," ಅಂದ.

"ಉಗಿ. ಬಸ್ಸಿಗೆ ಕಿಟಕಿ ಇದೆ," ಅಂದ ಕ್ಲಿಫರ್ಡ್.

ಇಬ್ಬರೂ ಮಾತಾಡಿದ್ದು ಆ ಮೇಜಿನಲ್ಲಿ ಮಾತ್ರ, ಇಪ್ಪತ್ತು ವರ್ಷ. ಎರಡು ಸಾವಿರದ ನಾಲ್ಕರಲ್ಲಿ ಕ್ಲಿಫರ್ಡ್ ಹೊಟ್ಟೆಯ ಹುಣ್ಣಿನಿಂದ ಸತ್ತ. ಮಾಲ್ಕಮ್ ಮಣ್ಣಿಗೆ ಬರಲಿಲ್ಲ. ಮುಂದಿನ ಭಾನುವಾರ ಆಟಕ್ಕೆ ಬಂದ. ಕ್ಲಿಫರ್ಡ್‌ನ ಗೊಂಬೆ ಮೇಜಿನ ಮೇಲಿತ್ತು. ಅದನ್ನೇನು ಮಾಡುವುದೆಂದು ಯಾರಿಗೂ ಗೊತ್ತಿರಲಿಲ್ಲ. ನೆವಿಲ್ ನಿಧಾನವಾಗಿ ಶುರುಮಾಡಿದ. "ಎಡ್ನಾ ಬಂದರಿಗೆ ಬಂದಿದೆ. ಕ್ಲಿಫರ್ಡ್ ಚೀಲ ತಗೊಂಡು ಇಳೀತಿದ್ದಾನೆ. ಯಾರಾದ್ರೂ ಏನಾದ್ರೂ ಹೇಳೋದಿದ್ಯಾ?"

ಮಾಲ್ಕಮ್ ಗೊಂಬೆಯನ್ನೇ ನೋಡುತ್ತ, "ಚೀಲ ಭಾರ ಇದ್ರೆ ಮೆಟ್ಟಿಲ ತನಕ ನಾನು ಹಿಡ್ಕೊಳ್ತೀನಿ ಅಂತ ಹೇಳು," ಅಂದ.

ನೆವಿಲ್ ಗೊಂಬೆಯನ್ನು ಎತ್ತಿ, ಅದರ ಪಾದದಡಿ ಸೂಜಿಯಿಂದ ಆ ದಿನದ ತಾರೀಖು ಕೊರೆದ. ನೌಕೆಯ ದಿನಚರಿ ಪುಸ್ತಕದಲ್ಲಿ ಬಂದರಿನ ಹೆಸರು ಬರೆದ. ಅಂದಿನಿಂದ ಅದೇ ನಮ್ಮ ಪದ್ಧತಿ. ಆಡುವವನು ಸತ್ತರೂ ಎಡ್ನಾದವನು ಸಾಯುವುದಿಲ್ಲ, ಇಳಿಯುತ್ತಾನೆ. ದೀಪದ ಕೋಣೆಯಲ್ಲಿ ಕೂತಿದ್ದವನು ಯಾಕೆ ಹೀಗೆ ಮಾಡಿದನೆಂದು ನಾನು ಕೇಳಲಿಲ್ಲ, ಕೇಳಬೇಕಾಗಿರಲಿಲ್ಲ.

ಗಣಿ ಮುಚ್ಚಿ ಬಹಳ ವರ್ಷವಾಗಿತ್ತು. ಎರಡು ಸಾವಿರದ ಎಂಟರಲ್ಲಿ ಕ್ಷೇಮಭವನವನ್ನೂ ಕೆಡವಿದರು. ಬಿಯರು ಕೊಡುತ್ತಿದ್ದ ಕಟ್ಟೆಯ ಹಲಗೆ ತೊಂಬತ್ತು ವರ್ಷದ ಓಕ್ ಮರ, ಸುತ್ತಿಗೆಗೂ ಜಗ್ಗದ್ದು. ಅದನ್ನು ನಾನು ಎತ್ತಿಕೊಂಡು ಬಂದೆ. ಆಗ ನೆವಿಲ್‌ನ ಗೊಂಬೆಗಳು ಬಿಸ್ಕತ್ತಿನ ಡಬ್ಬಗಳಲ್ಲಿ, ಬೂಟಿನ ಪೆಟ್ಟಿಗೆಗಳಲ್ಲಿ ಹರಡಿದ್ದವು. ನಾನೂರಕ್ಕಿಂತ ಹೆಚ್ಚು. ಮೂರು ತಿಂಗಳು ಸಂಜೆಯೆಲ್ಲ ಕೂತು ಆ ಹಲಗೆಯಲ್ಲೇ ಆರಡಿಯ ಬೀರು ಕಟ್ಟಿದೆ. ಒಂದು ಮೊಳೆ ಹೊಡೆಯಲಿಲ್ಲ, ಎಲ್ಲ ಮರಕ್ಕೆ ಮರ ಕಚ್ಚಿಸಿದ ಕೂಡುಗೆಲಸ. ಗಾಜಿನ ಬಾಗಿಲು, ಬಾಗಿಲ ಸುತ್ತ ರಬ್ಬರಿನ ಅಂಚು. ಧೂಳು ಹೋಗಲಿ, ಕೂದಲೂ ತೂರದು. ನನ್ನ ಜೀವಮಾನದಲ್ಲಿ ಅಂಥ ಕೆಲಸ ಮತ್ತೆ ಮಾಡಿಲ್ಲ.

ಮಹಡಿಯ ಹಿಂದಿನ ಕೋಣೆಗೆ ಹೊತ್ತು ನಿಲ್ಲಿಸಿದೆವು. ನೆವಿಲ್ ಅದರ ಮೈ ಸವರಿದ. ಆಮೇಲೆ ಕೆಮ್ಮಿ, "ಓಕ್ ಅಲ್ವಾ ಇದು," ಅಂದ.

"ಮತ್ತೇನು ರಟ್ಟಾ?"

"ಹಾಗಲ್ಲ ಕಣೋ. ಎಲ್ಲೋ ಓದಿದ ನೆನಪು. ಓಕ್‌ಗೂ ಸೀಸಕ್ಕೂ ಆಗಲ್ವಂತೆ. ಮರದಿಂದ ಏನೋ ಹುಳಿ ಆವಿ ಏಳುತ್ತಂತೆ, ಅದು ಸೀಸಾನ..."

"ಹುಳಿ?" ಅಂದೆ. ನನ್ನ ಕಿವಿ ಬಿಸಿಯಾಗಿದ್ದು ನನಗೇ ಗೊತ್ತಾಯಿತು. "ಮೂವತ್ತು ವರ್ಷ ಮರ ಕೊಯ್ದಿದ್ದೀನಿ, ನನಗೆ ಮರ ಹೇಳ್ಕೊಡ್ತೀಯಾ? ದೀಪ ಒರೆಸ್ಕೊಂಡಿದ್ದೋನು ನೀನು! ಮೂರು ತಿಂಗಳು ಬೆನ್ನು ಬಗ್ಸಿದ್ದೀನಿ! ಬೇಡ ಅಂದ್ರೆ ಬಾಯ್ಬಿಟ್ಟು ಹೇಳು, ಈಗಲೇ ಕೊಡಲಿ ತಂದು ಸೌದೆ ಮಾಡಿ ಹೋಗ್ತೀನಿ!"

ಕೆಳಗಿಂದ ಬೆರಿಲ್, "ಯಾರ ಕೊಲೆ ಆಗ್ತಿದೆ ಅಲ್ಲಿ?" ಎಂದು ಕೂಗಿದಳು.

"ಏನಿಲ್ಲ," ಅಂದ ನೆವಿಲ್. ನನ್ನ ಕಡೆ ತಿರುಗಿ, "ಬೇಡ ಅನ್ನಲಿಲ್ಲ ಶ್ಯಾಕ್. ತುಂಬಾ ಚೆನ್ನಾಗಿದೆ," ಅಂದ. ಆ ಮಧ್ಯಾಹ್ನವೆಲ್ಲ ಕೂತು ಒಬ್ಬೊಬ್ಬನನ್ನೇ ಒಳಗೆ ಜೋಡಿಸಿದ. ಮೇಲಿನ ಹಲಗೆ ಇಳಿದವರಿಗೆ. ಅಲ್ಲಿ ಕ್ಲಿಫರ್ಡ್ ಒಬ್ಬನೇ ನಿಂತ. ಹನ್ನೊಂದರಲ್ಲಿ ಮಾಲ್ಕಮ್ ಬಂದು ಪಕ್ಕದಲ್ಲಿ ನಿಂತ, ಹೃದಯ ನಿಂತುಹೋಗಿತ್ತು. ಹದಿನೈದರಲ್ಲಿ ಆಬ್ರಿ.

ಆಮೇಲೆ ಉಳಿದವರು ನಾವಿಬ್ಬರೇ. ನೆವಿಲ್‌ನ ಎದೆ ಗಣಿಯ ಧೂಳಿನಿಂದ ಕಲ್ಲಾಗುತ್ತ ಬಂತು. ಹದಿನಾರರಿಂದ ಮಹಡಿ ಹತ್ತಲಾಗಲಿಲ್ಲ. ಬೀದಿ ಕಡೆಯ ಕೋಣೆಗೆ ಹಾಸಿಗೆ ಇಳಿಸಿದರು, ಪಕ್ಕದಲ್ಲಿ ಗಾಳಿಯ ಯಂತ್ರ ಗುರುಗುಟ್ಟುತ್ತಿತ್ತು. ಭಾನುವಾರಗಳಂದು ಹಾಸಿಗೆಯ ಮೇಲೆ ತಟ್ಟೆ ಇಟ್ಟು ಆಡಿದೆವು. ಅವನ ದೀಪದವನು ಕಿಟಕಿಯ ಕಟ್ಟೆಯ ಮೇಲೆ, ನನ್ನ ಬಡಗಿ ನನ್ನ ಸಾಮಾನಿನ ತಗಡಿನ ಡಬ್ಬಿಯಲ್ಲಿ. ಮಹಡಿಯ ಕೋಣೆಯ ಪರದೆ ಬಿಸಿಲಿಗೆ ಬಣ್ಣ ಹೋಗದಿರಲೆಂದು ಮುಚ್ಚಿಯೇ ಇತ್ತು. ಅವನ ವಸ್ತುಗಳನ್ನು ಮುಟ್ಟಬಾರದೆಂಬುದು ಬೆರಿಲ್‌ಗೆ ನಲವತ್ತು ವರ್ಷದ ಅಭ್ಯಾಸ. ಆ ಬಾಗಿಲನ್ನು ಯಾರೂ ತೆರೆಯಲಿಲ್ಲ.

ಹತ್ತೊಂಬತ್ತರ ಜನವರಿಯಲ್ಲಿ ಬೆರಿಲ್ ಫೋನ್ ಮಾಡಿದಳು. "ನರ್ಸಮ್ಮ ಬಂದಿದ್ಳು. ವಾರಗಳ ಮಾತು ಅಂದ್ಳು, ತಿಂಗಳುಗಳಲ್ಲ. ಅವನಿಗೆ ಗೊತ್ತು. ಬಾ, ನಿನ್ನ ಹತ್ರ ಏನೋ ಕೇಳ್ಬೇಕಂತೆ."

ಹೋದೆ. ಮೂಗಿಗೆ ನಳಿಕೆ ಇತ್ತು. ಎರಡು ಮಾತಿಗೊಮ್ಮೆ ನಿಂತು ಉಸಿರು ಹುಡುಕಿಕೊಳ್ಳುತ್ತಿದ್ದ.

"ಶ್ಯಾಕ್, ಭಾನುವಾರ ನಾನು ಇಳೀತೀನಿ."

"ಹುಚ್ಚುಚ್ಚಾಗಿ ಮಾತಾಡ್ಬೇಡ."

"ಕೇಳಿಲ್ಲಿ. ಅವರನ್ನೆಲ್ಲ ನಾನು ಇಳಿಸ್ದೆ. ತಾವು ಇಳಿಯೋದನ್ನ ಅವರ್ಯಾರೂ ನೋಡ್ಲಿಲ್ಲ, ಅಷ್ಟೊತ್ತಿಗೆ ಸತ್ತಿದ್ರು. ನಾನು ನೋಡ್ಬೇಕು. ಮೂವರನ್ನೂ ಕೆಳಗೆ ತಾ. ಕ್ಲಿಫರ್ಡ್, ಮಾಲ್ಕಮ್, ಆಬ್ರಿ. ಐದೂ ಜನ ಒಂದ್ಸಲ ತಟ್ಟೆ ಮೇಲೆ ನಿಂತ್ಕೊಳ್ಲಿ. ಆಮೇಲೆ ಇಳೀತೀನಿ. ಅಷ್ಟೇ ನನಗೆ ಬೇಕಾದ್ದು."

ಮಹಡಿ ಹತ್ತಿದೆ. ಪರದೆ ಸರಿಸಿ ಬೀರುವಿನ ಬಾಗಿಲು ಎಳೆದೆ. ಮೊದಲು ಬಂದದ್ದು ವಾಸನೆ. ಮೀನು ಕರಿಯುವ ಅಂಗಡಿಯಲ್ಲಿ ಚೆಲ್ಲಿ ಹಳತಾದ ವಿನಿಗರ್ ಹಾಗೆ, ಮೂಗು ಚುರುಗುಟ್ಟುವಂಥದ್ದು. ಆಮೇಲೆ ಕಣ್ಣಿಗೆ ಬಿತ್ತು. ಹಲಗೆಗಳ ಮೇಲೆಲ್ಲ ಹಿಟ್ಟು ಚೆಲ್ಲಿದ ಹಾಗೆ ಬಿಳುಪು. ಕುದುರೆಗಳು ಮುಂಗಾಲು ಮುರಿದು ಮುಗ್ಗರಿಸಿದ್ದವು. ಅಂಗಿಗಳ ಬಣ್ಣ ಗುಳ್ಳೆಗಳಾಗಿ ಎದ್ದು ಸಿಪ್ಪೆ ಸುಲಿದಿತ್ತು. ಮೇಲಿನ ಹಲಗೆಯ ಕ್ಲಿಫರ್ಡ್‌ನನ್ನು ಎರಡು ಬೆರಳಲ್ಲಿ ಹಿಡಿದೆ. ಪಾದದ ಗಂಟಿನಲ್ಲಿ ಮುರಿದ, ತಲೆ ನನ್ನ ಬೆರಳ ನಡುವೆ ಪುಡಿಯಾಯಿತು. ಮಾಲ್ಕಮ್‌ನ ಮುಖವಿರಲಿಲ್ಲ. ಆಬ್ರಿ ಇದ್ದ ಕಡೆ ಪಾದದಡಿಯ ಚಿಕ್ಕ ಬಿಲ್ಲೆ ಮಾತ್ರ, ಅದರ ಮೇಲೆ ಒಂದು ಚಿಟಿಕೆ ಉಪ್ಪಿನಷ್ಟು ಗುಪ್ಪೆ.

ಕೆಳಗಿಂದ ನೆವಿಲ್‌ನ ದನಿ, ನೂಲಿನಷ್ಟು ತೆಳ್ಳಗೆ: "ಸಿಕ್ಕಿದ್ರಾ?"

"ಬಾಗಿಲು ಕಚ್ಕೊಂಡ್ಬಿಟ್ಟಿದೆ!" ಎಂದು ಕೂಗಿದೆ. "ತೇವಕ್ಕೆ ಉಬ್ಬಿದೆ! ಭಾನುವಾರ ಉಳಿ ತಂದು ಬಿಡಿಸ್ತೀನಿ!" ನಾನು ಮಾಡಿದ ಬಾಗಿಲು ಕೆಟ್ಟದ್ದೆಂದು ನನ್ನ ಬಾಯಿಂದ ನಾನೇ ಹೇಳಿದ್ದು ಅದೇ ಮೊದಲು, ಅದೂ ಸುಳ್ಳು.

ಡರ್ಬಿಯಲ್ಲಿ ಟ್ರೆವರ್ ಸ್ಪೆಂಡ್‌ಲವ್ ಎಂಬುವನಿದ್ದ. ಹಳೆಯ ಗೊಂಬೆ, ಹಳೆಯ ಆಟದ ಪೆಟ್ಟಿಗೆ ಕೂಡಿಡುವವನು. ನೆವಿಲ್‌ಗೂ ಪರಿಚಯ. ಮನೆಗೆ ಹೋದವನೇ ಅವನಿಗೆ ಫೋನ್ ಮಾಡಿ ಕಂಡದ್ದನ್ನು ಹೇಳಿದೆ.

"ಯಾವ ಮರ?" ಅಂದ.

"ಓಕ್."

"ಅಯ್ಯೋ ದೇವರೇ. ಬಾಗಿಲು ಸಡಿಲ ಇತ್ತಾ? ಗಾಳಿ ಆಡ್ತಿತ್ತಾ?"

"ಕೂದಲೂ ತೂರಲ್ಲ."

"ಯಾವ ಪುಣ್ಯಾತ್ಮ ಕಟ್ಟಿದ್ದು ಅದನ್ನ? ಕಳಪೆ ಕೆಲಸದವನು ಕಟ್ಟಿದ್ರೆ ಅರ್ಧವಾದ್ರೂ ಉಳೀತಿದ್ವು. ಆವಿ ಹೊರಗೆ ಹೋಗ್ತಿತ್ತು. ಇದು ಗೊಂಬೆ ಇಡೋ ಯಾರಿಗೂ ಗೊತ್ತಿರೋ ವಿಷಯ ಮಾರಾಯ. ಯಾರೂ ಹೇಳ್ಲಿಲ್ವಾ ಅವನಿಗೆ?"

ಆ ಮೂವರ ಅಚ್ಚಿನ ಗೊಂಬೆಗಳು ಅವನ ಬಳಿ ಇವೆಯೇ ಎಂದು ಕೇಳಿದೆ. ಮೂರೂ ಇದ್ದವು, ಬಣ್ಣ ಹಚ್ಚದವು. ಮಾರನೆಯ ದಿನ ಹೋಗಿ ತಂದೆ. ನಾಲ್ಕು ದಿನ ಕೆಲಸಕ್ಕೆ ಹೋಗದೆ ಅಡುಗೆಮನೆಯ ಮೇಜಿನಲ್ಲಿ ಭೂತಗನ್ನಡಿ ಹಿಡಿದು ಬಣ್ಣ ಹಚ್ಚಿದೆ. ಹಳೆಯ ಫೋಟೋ ನೋಡಿ ಕ್ಲಿಫರ್ಡ್‌ಗೆ ಹಳದಿ ಕುತ್ತಿಗೆಪಟ್ಟಿ, ಮಾಲ್ಕಮ್‌ಗೆ ಕಲೆ ಬಿದ್ದ ಏಪ್ರನ್, ಆಬ್ರಿಗೆ ಕನ್ನಡಕ. ಕನ್ನಡಕವನ್ನು ಹನ್ನೊಂದು ಸಲ ಬಳಿದು ಅಳಿಸಿದೆ. ಮೋಸ ಮಾಡುತ್ತಿದ್ದೇನೆಂದು ಗೊತ್ತಿತ್ತು. ಸಾಯುವವನಿಗೆ ಒಂದು ಮಧ್ಯಾಹ್ನ ಸಿಕ್ಕಿದರೆ ಸಾಕು, ಆಮೇಲೆ ನನ್ನ ಪಾಡು ನನಗೆ ಎಂದುಕೊಂಡೆ.

ಭಾನುವಾರ ಬೆರಿಲ್ ಹಂದಿಮಾಂಸದ ಕಡುಬು ಕೊಯ್ದು, ವಿನಿಗರ್‌ನಲ್ಲಿ ನೆನೆಸಿದ ಈರುಳ್ಳಿಯನ್ನು ಬಟ್ಟಲಿಗೆ ಹಾಕಿ ಇಟ್ಟಿದ್ದಳು. ನೆವಿಲ್ ತಿನ್ನುವ ಸ್ಥಿತಿಯಲ್ಲಿರಲಿಲ್ಲ, ಆದರೂ ಆಟದ ದಿನ ಅದು ಇರಲೇಬೇಕು. ಹೊಸ ಅಂಗಿ ಹಾಕಿಸಿಕೊಂಡು ದಿಂಬಿಗೆ ಒರಗಿದ್ದ. ತಟ್ಟೆಯ ಮೇಲೆ ದೀಪದವನು, ನನ್ನ ಬಡಗಿ, ದಿನಚರಿ, ಎರಡು ದಾಳ. ಮಹಡಿಗೆ ಹೋಗಿ ಸ್ವಲ್ಪ ಹೊತ್ತು ಉಳಿಯಿಂದ ಸದ್ದು ಮಾಡಿ, ಜೇಬಿನಿಂದ ಮೂರನ್ನು ತೆಗೆದು ಕೈಯಲ್ಲಿ ಹಿಡಿದು ಇಳಿದು ಬಂದೆ.

ಅವನು ಅಂಗೈ ಚಾಚಿದ. ಮಾಲ್ಕಮ್‌ನನ್ನು ಇಟ್ಟೆ. ಮುಖ ನೋಡಲೇ ಇಲ್ಲ, ನೇರ ಬೋರಲು ಹಾಕಿ ಪಾದದಡಿ ಉಗುರು ಆಡಿಸಿದ. ಅಲ್ಲಿ ತಾರೀಖಿರಲಿಲ್ಲ. ಮೂರು ಜನರ ಬಟ್ಟೆ, ಮೂಗು, ಕನ್ನಡಕ ಎಲ್ಲ ನೋಡಿಕೊಂಡಿದ್ದ ನಾನು ಅದನ್ನು ಮರೆತಿದ್ದೆ.

"ಇದ್ಯಾರು?" ಅಂದ.

"ಮಾಲ್ಕಮ್."

"ಇದ್ಯಾರು, ಶ್ಯಾಕ್?"

ಬೆರಿಲ್ ಚಹಾ ಸುರಿಯುವುದನ್ನು ನಿಲ್ಲಿಸಿದಳು. ನಾನು ಮತ್ತೆ ಮೇಲೆ ಹೋಗಿ, ಒಂದು ಡಬ್ಬಿಯ ಮುಚ್ಚಳದಲ್ಲಿ ಉಳಿದದ್ದನ್ನು ಕೆರೆದು ತಂದು ಅವನ ಮುಂದೆ ಇಟ್ಟೆ. ಮೂರು ಬಿಲ್ಲೆ, ಒಂದು ಜೊತೆ ಕಾಲು, ಬಿಳೀ ಪುಡಿ.

ಅವನು ಮುಟ್ಟಲಿಲ್ಲ. ಯಂತ್ರ ಗುರುಗುಟ್ಟುತ್ತಿತ್ತು. "ಉಳಿದವರು?" ಅಂದ.

"ಎಲ್ಲಾ ಹೀಗೇ."

"ಆಬ್ರೀನ ಇಡೋಕೆ ಹೋದಾಗ ವಾಸನೆ ಬಂದಿತ್ತು ನನಗೆ. ನಿನಗೆ ಹೇಳೋಣ ಅನ್ಕೊಂಡೆ."

"ಹೇಳ್ಬೇಕಿತ್ತು! ನಾಲ್ಕು ವರ್ಷ! ಯಾಕೋ ಹೇಳ್ಲಿಲ್ಲ?"

"ನಿನಗಾ?" ಅಂದ.

ಆ ಒಂದು ಮಾತಿಗೆ ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಅವನು ಕಣ್ಣು ಮುಚ್ಚಿದ. ಮುಗಿಯಿತು, ಹೋಗು ಅನ್ನುತ್ತಾನೆ ಎಂದುಕೊಂಡೆ. ಬದಲಿಗೆ ಆಟ ನಡೆಸುವ ದನಿಯಲ್ಲಿ ಶುರುಮಾಡಿದ, ಮೂವತ್ತೇಳು ವರ್ಷದಿಂದ ನಾನು ಕೇಳುತ್ತ ಬಂದ ಅದೇ ದನಿ. "ದೀಪದವನು ಇಳೀತಾನೆ ಅಂತ ಸುದ್ದಿ ಹೋಯ್ತು. ಮೂರು ಬಂದರಿಂದ ಮೂವರೂ ಬಂದ್ರು. ಎಡ್ನಾ ಹತ್ತಿ ಸರಕಿನ ಕೋಣೇಲಿ ಮಲಗಿದ್ರು. ಬರ್ಕೋ."

"ನೆವಿಲ್..."

"ಬರ್ಕೋ. ಆ ಕೋಣೆ ಕಟ್ಟಿದ್ದು ಯಾರು?"

ಪೆನ್ನು ತೆಗೆದುಕೊಂಡೆ. "ಬಡಗಿ."

"ಕೆಟ್ಟ ಗಾಳಿ ಹೊರಗೆ ಹೋಗೋಕೆ ದಾರಿ ಬಿಟ್ಟಿದ್ನಾ?"

"ಇಲ್ಲ."

"ಯಾರಾದ್ರೂ ಅವನಿಗೆ ಹೇಳಿದ್ರಾ?"

"ಹೇಳಿದ್ರು."

"ಅವನೇನಂದ?"

ಬೆರಿಲ್, "ಸಾಕು ನೆವಿಲ್," ಅಂದಳು. ಅವನು ಕೈ ಎತ್ತಿ ಅವಳನ್ನು ತಡೆದ, ನನ್ನನ್ನೇ ನೋಡುತ್ತಿದ್ದ.

ನಾನಂದದ್ದನ್ನೆಲ್ಲ ಹೇಳಿದೆ. ಹುಳಿ, ಮೂವತ್ತು ವರ್ಷ, ದೀಪ ಒರೆಸುವವನು, ಕೊಡಲಿ. ಹನ್ನೊಂದು ವರ್ಷ ಕಳೆದಿದ್ದರೂ ಒಂದು ಮಾತೂ ಮರೆತಿರಲಿಲ್ಲ. ಹೇಳಿದ್ದನ್ನು ಬರೆದೆ ಕೂಡ, ಪುಟ ತುಂಬ, ನನ್ನ ಕಾಗೆ ಕಾಲಿನ ಅಕ್ಷರದಲ್ಲಿ. ಅವನು ಓದು ಅಂದ, ಓದಿದೆ. ಇನ್ನೊಂದು ಸಲ ಅಂದ, ಇನ್ನೊಂದು ಸಲ ಓದಿದೆ.

"ಈಗ ಅವರ ಪಾಲಿನ ದಾಳ ಹಾಕೋಣ," ಅಂದ. "ಎಂಟು, ಇಲ್ಲಾ ಮೇಲೆ ಬಿದ್ರೆ ಉಳೀತಾರೆ. ದಾಳ ಬಿಟ್ಟು ನಾನು ಯಾರನ್ನೂ ಸಾಯ್ಸಲ್ಲ."

ಅವನ ಕೈಗೆ ದಾಳ ಹಾಕಲು ಬಲವಿರಲಿಲ್ಲ, ಅಂಗೈಯಿಂದ ಜಾರಿಸಿದ. ಕ್ಲಿಫರ್ಡ್‌ಗೆ ಐದು. ಮಾಲ್ಕಮ್‌ಗೆ ನಾಲ್ಕು. ಎರಡನ್ನೂ ಬರೆದೆ, ಸತ್ತ ಎಂದು, ಎಡ್ನಾದ ದಿನಚರಿಯಲ್ಲಿ ಮೊದಲ ಸಲ. ಆಬ್ರಿಗೆ ಒಂಬತ್ತು ಬಿತ್ತು.

"ಉಳಿದ," ಅಂದ ನೆವಿಲ್. "ಕರ್ಕೊಂಡು ಬಾ ಅವನನ್ನ."

ಮುಚ್ಚಳದಲ್ಲಿ ಆಬ್ರಿ ಒಂದು ಚಿಟಿಕೆ ಪುಡಿ. ನಾನು ಆ ಕಡೆ ಈ ಕಡೆ ನೋಡಿದೆ. ಟ್ರೆವರ್‌ನ ಗೊಂಬೆಗೆ ಕೈ ಹಾಕಿದೆ. "ಅದಲ್ಲ," ಅಂದ. ಬಟ್ಟಲಿನಿಂದ ಒಂದು ಈರುಳ್ಳಿಯನ್ನು ತಾನೇ ಎತ್ತಿ ತಟ್ಟೆಯ ಮೇಲೆ ಇಟ್ಟ. ಅದು ಸ್ವಲ್ಪ ಉರುಳಿ ನಿಂತಿತು. ಬೋಳು, ದುಂಡಗೆ, ಒದ್ದೆ.

"ತಲೆ ಥೇಟ್ ಅವನದೇ," ಅಂದಳು ಬೆರಿಲ್.

ನೆವಿಲ್ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಬೆರಿಲ್ ಅವನನ್ನು ಮುಂದಕ್ಕೆ ಬಗ್ಗಿಸಿ ಬೆನ್ನು ಉಜ್ಜಿದಳು. ತುಟಿ ನೀಲಿಗಟ್ಟಿ ಮತ್ತೆ ಬೂದಿ ಬಣ್ಣಕ್ಕೆ ಬರಲು ಬಹಳ ಹೊತ್ತು ಹಿಡಿಯಿತು. "ಇನ್ನು ಮಲಗು," ಅಂದಳು.

"ಇಳಿದು ಮಲಗ್ತೀನಿ. ಶ್ಯಾಕ್, ನೀನು ನಡೆಸು. ನನ್ನನ್ನ ನಾನೇ ಇಳಿಸೋಕಾಗಲ್ಲ."

ಅಷ್ಟು ವರ್ಷದಲ್ಲಿ ನಾನು ಒಂದು ಸಲವೂ ಆಟ ನಡೆಸಿದವನಲ್ಲ. ಗಂಟಲು ಸರಿಮಾಡಿಕೊಂಡೆ. "ಎಡ್ನಾ ಬಂದರಿಗೆ ಬಂದಿದೆ. ದೀಪದವನು ಚೀಲ ತಗೊಂಡು..."

"ಯಾವ ಬಂದರು?"

"ಯಾವ್ದೋ ಒಂದು."

"ಹೆಸರು ಹೇಳು. ಹೆಸರಿಲ್ಲದ ಕಡೆ ನಾನು ಇಳಿಯಲ್ಲ."

ಹೆಸರು. ಅವನು ನೂರಾರು ಹೆಸರು ಹುಟ್ಟಿಸಿದ್ದ, ಚಂದ್ರಗಳಿಗೆ, ನಿಲ್ದಾಣಗಳಿಗೆ, ಅಲ್ಲಿನ ಬೀದಿಗಳಿಗೆ, ಬೀದಿಯ ನಾಯಿಗಳಿಗೆ ಕೂಡ. ನಾನು ತಲೆ ಕೆರೆದುಕೊಂಡು ಕೂತೆ. ಬಂದದ್ದೆಲ್ಲ ನಮ್ಮೂರಿನ ಬಸ್‌ಸ್ಟಾಪುಗಳೇ. ಅವನು ದಿಂಬಿಗೆ ತಲೆ ಕೊಟ್ಟು ಕಾಯುತ್ತಿದ್ದ, ಅವಸರವಿಲ್ಲದೆ, ನಾನು ನಿಯಮದ ಪುಸ್ತಕ ತಡವರಿಸಿ ಓದುವಾಗ ಕಾಯುತ್ತಿದ್ದ ಹಾಗೇ. ನನಗೆ ನನ್ನ ಮೇಲೇ ರೇಗಿತು. ರೇಗಿದಷ್ಟೂ ತಲೆ ಖಾಲಿಯಾಯಿತು. ಕಿಟಕಿಯಲ್ಲಿ ಬೆಳಕು ಸರಿಯಿತು. ನೋಡಿದರೆ ನಿದ್ದೆ ಹೋಗಿದ್ದ.

"ಹೋಗು ಈಗ," ಅಂದಳು ಬೆರಿಲ್ ಪಿಸುಗುಟ್ಟಿ. "ನಾಳೆ ನಾಡಿದ್ದು ಯೋಚಿಸ್ಕೊಂಡು ಬಾ. ಅವನೆಲ್ಲೂ ಹೋಗಲ್ಲ."

ಸೋಮವಾರ ಹೊಳೆಯಲಿಲ್ಲ. ಮಂಗಳವಾರ ಒಂದು ಶಾಲೆಗೆ ಬಾಗಿಲು ಕೂರಿಸುವ ಕೆಲಸವಿತ್ತು, ಅಲ್ಲೂ ಹೊಳೆಯಲಿಲ್ಲ. ಬುಧವಾರ ಬೆಳಿಗ್ಗೆ ಗಡ್ಡ ಕೆರೆಯುತ್ತಿದ್ದಾಗ ಹೆಸರು ಬಂತು. ಮುಖದ ಸೋಪು ಒರೆಸಿಕೊಳ್ಳದೆ ಫೋನ್ ಮಾಡಿದೆ.

ಬೆರಿಲ್ ಎತ್ತಿದಳು. "ಸಿಕ್ಕಿತು ಕಣೆ!" ಅಂದೆ. "ಎಬ್ಬಿಸು ಅವನನ್ನ!"

"ಆರೂವರೆಗೆ ಹೋದ ಶ್ಯಾಕ್," ಅಂದಳು. "ಚಹಾ ತಗೊಂಡು ಬಂದೆ, ಅಷ್ಟರಲ್ಲಿ."

ಸೋಪು ಗಲ್ಲದ ಮೇಲೆ ಒಣಗಿ ಬಿಗಿಯುತ್ತಿತ್ತು. ಅವಳೂ ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.

"ಏನು ಹೆಸರು?" ಎಂದು ಕೇಳಿದಳು ಕೊನೆಗೆ.

ಹೇಳಿದೆ.

"ಅವನಿಗೆ ಇಷ್ಟ ಆಗ್ತಿರಲಿಲ್ಲ," ಅಂದಳು.

"ಇಲ್ಲ," ಅಂದೆ ನಾನು. "ಆಗ್ತಿರಲಿಲ್ಲ."